ಪರದೇಶದ ಶಾಲೆಗೆ ಸೇರಿಸುವ ಮುನ್ನ ಬಿಡಿಸುವ ದಿನವನ್ನು ಯೋಚಿಸಿ

(ಕುಟುಂಬ ಸಮೇತ ವಿದೇಶಕ್ಕೆ ಹೊರಟಿರುವ ಹೆತ್ತವರಿಗಾಗಿ ಉಡುಪಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಹೆತ್ತವರೇ, ಹಿರಿಯರೇ,

ಸಭೆಯ ಆರಂಭದಲ್ಲಿ ತಾವು ಕೈ ಎತ್ತಿದ್ದನ್ನು ನೋಡಿದೆ. ಅರ್ಧಕ್ಕಿಂತ ಹೆಚ್ಚು ಮಂದಿ ದುಬೈ, ಅಬುಧಾಬಿ, ದೋಹಾ, ಮಸ್ಕತ್ ಕಡೆಗೆ ಹೊರಟವರು. ಉಳಿದವರು ಜರ್ಮನಿ, ಇಂಗ್ಲೆಂಡ್, ಸಿಂಗಾಪುರಕ್ಕೆ ಹೋಗುವವರು. ನಾನು ಹತ್ತೊಂಬತ್ತು ವರ್ಷ ಗಲ್ಫ್‌ನಲ್ಲಿ ಗಣಿತ ಕಲಿಸಿದವನು. ಮೊದಲು ಸಿಬಿಎಸ್‌ಇ ಶಾಲೆಯಲ್ಲಿ, ಆಮೇಲೆ ಬ್ರಿಟಿಷ್ ಪಠ್ಯಕ್ರಮದ ಶಾಲೆಯಲ್ಲಿ ದುಡಿದು ಊರಿಗೆ ಮರಳಿದ ಮೇಲೆ, ಹೊರಡುವ ಕುಟುಂಬಗಳೂ ಹಿಂದಿರುಗಿದ ಕುಟುಂಬಗಳೂ ಮಕ್ಕಳ ಓದಿನ ವಿಷಯಕ್ಕೆ ನನ್ನನ್ನು ಹುಡುಕಿಕೊಂಡು ಬರುತ್ತಿವೆ. ಹೊರಡುವವರು ಕೇಳುವುದು ಒಂದೇ ಪ್ರಶ್ನೆ: ‘ಅಲ್ಲಿ ಯಾವ ಶಾಲೆ ಒಳ್ಳೆಯದು?’ ಹಿಂದಿರುಗಿದವರ ಪ್ರಶ್ನೆಗಳು ಮಾತ್ರ ಹಲವು, ಅವುಗಳಲ್ಲಿ ಹೆಚ್ಚಿನವು ನೋವಿನವು. ಹೊರಡುವ ದಿನವೇ ಸ್ವಲ್ಪ ಯೋಚಿಸಿದ್ದರೆ ಆ ನೋವಿನ ಬಹುಪಾಲು ತಪ್ಪುತ್ತಿತ್ತು ಎಂಬ ಸಂಕಟದಿಂದಲೇ ಈ ಉಪನ್ಯಾಸಕ್ಕೆ ಒಪ್ಪಿಕೊಂಡೆ.

ಆದ್ದರಿಂದ ಯಾವ ಶಾಲೆ ಒಳ್ಳೆಯದು ಎಂದು ಕೇಳಿದವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ. ತಮ್ಮ ಮಗು ಆ ಶಾಲೆಯನ್ನು ಯಾವ ತರಗತಿಯಲ್ಲಿ ಬಿಡಬೇಕಾಗಿ ಬರಬಹುದು? ಬಿಟ್ಟ ಮೇಲೆ ಎಲ್ಲಿಗೆ ಸೇರಬೇಕಾಗಬಹುದು? ಈ ಎರಡಕ್ಕೆ ಉತ್ತರ ಸಿಕ್ಕರೆ ಶಾಲೆಯ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ.

ಕರಾವಳಿಯವರಾದ ನಮಗೆ ಈ ಪ್ರಶ್ನೆ ಹೊಸದಾಗಬಾರದು. ನಮ್ಮಲ್ಲಿ ಹೋದವರು ಬರುತ್ತಾರೆ, ಮತ್ತು ಅನೇಕ ಸಲ ತಾವು ಬಯಸಿದ ಹೊತ್ತಿಗೆ ಬರುವುದಿಲ್ಲ. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿದ ಮೇಲೆ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಅವರಲ್ಲಿ ನಮ್ಮ ಜಿಲ್ಲೆಯ ಕುಟುಂಬಗಳೂ ಇದ್ದವು. ಶಾಲಾ ವರ್ಷದ ನಡುವೆ, ಕೈಯಲ್ಲಿ ಒಂದು ದಾಖಲೆಯೂ ಇಲ್ಲದೆ ಬಂದಿಳಿದ ಮಕ್ಕಳೂ ಇದ್ದರು. ಕೋವಿಡ್ ಕಾಲದಲ್ಲಿ ಹೊರದೇಶದಲ್ಲಿ ಸಿಲುಕಿದವರನ್ನು ಕರೆತರುವ ಮೊದಲ ‘ವಂದೇ ಭಾರತ್’ ವಿಮಾನ 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ಬಂದಿಳಿದಾಗ ಅದರಲ್ಲಿ ಬಂದವರ ಪೈಕಿ ಎಷ್ಟೋ ಮಂದಿ ಕೆಲಸ ಕಳೆದುಕೊಂಡವರು. ಇಂಥ ದೊಡ್ಡ ಘಟನೆಗಳೇ ಆಗಬೇಕೆಂದಿಲ್ಲ. ಕಂಪನಿಯ ಗುತ್ತಿಗೆ ಮುಗಿಯುವುದು, ಊರಿನಲ್ಲಿ ತಂದೆತಾಯಿಗೆ ಅಸೌಖ್ಯವಾಗುವುದು, ಶಾಲೆಯ ಫೀಸು ಸಂಬಳವನ್ನು ಮೀರುವುದು, ಇವೆಲ್ಲ ವರ್ಷದ ಯಾವ ತಿಂಗಳಿನಲ್ಲಿಯೂ ಆಗಬಹುದು.

ನನ್ನ ತರಗತಿಯಲ್ಲಿ ಕಾಪು ಕಡೆಯ ಒಬ್ಬ ಹುಡುಗನಿದ್ದ. ಗಣಿತದಲ್ಲಿ ಬಹಳ ಚುರುಕು. ನಮ್ಮ ಒಂಬತ್ತು-ಹತ್ತಕ್ಕೆ ಸಮನಾದ ಬ್ರಿಟಿಷ್ ಪಠ್ಯಕ್ರಮ ಐಜಿಸಿಎಸ್‌ಇಯ ಎರಡು ವರ್ಷಗಳ ಪೈಕಿ ಮೊದಲ ವರ್ಷ ಮುಗಿಸಿ ಎರಡನೆಯದಕ್ಕೆ ಕಾಲಿಟ್ಟಿದ್ದಾಗ ಅವನ ತಂದೆಯ ಕೆಲಸ ಹೋಯಿತು. ನವೆಂಬರ್‌ನಲ್ಲಿ ಊರಿಗೆ ಬಂದರು. ಎಸ್ಸೆಸ್ಸೆಲ್ಸಿಗೆ ನೇರವಾಗಿ ಕೂರಿಸಲು ಕಾಲ ಮೀರಿತ್ತು. ಸಿಬಿಎಸ್‌ಇಯಲ್ಲಿ ಒಂಬತ್ತು ಮತ್ತು ಹತ್ತು ಸೇರಿ ಎರಡು ವರ್ಷದ ಒಂದೇ ಕೋರ್ಸ್, ನೋಂದಣಿ ಒಂಬತ್ತರಲ್ಲಿಯೇ ಆಗಬೇಕು. ಕೊನೆಗೆ ಅವನು ಒಂಬತ್ತನೆಯ ತರಗತಿಗೆ ಮತ್ತೆ ಸೇರಿದ. ಓದಿನಲ್ಲಿ ಹಿಂದೆ ಬಿದ್ದವನಲ್ಲದಿದ್ದರೂ, ತನಗಿಂತ ಸಣ್ಣವರ ನಡುವೆ ಕುಳಿತು ಈಗಾಗಲೇ ಬಲ್ಲ ಪಾಠವನ್ನು ಎರಡನೆಯ ಸಲ ಕೇಳುವ ಅವಮಾನವನ್ನು ಆ ಹದಿನೈದರ ವಯಸ್ಸಿನಲ್ಲಿ ಅವನು ಅನುಭವಿಸಿದ್ದನ್ನು ನಾನು ಮರೆತಿಲ್ಲ. ಅವನಿದ್ದ ಶಾಲೆ ಕೆಟ್ಟದ್ದಾಗಿರಲಿಲ್ಲ. ನಾನೇ ಅಲ್ಲಿ ಕಲಿಸುತ್ತಿದ್ದೆ. ಆ ಕುಟುಂಬದ ಪರಿಸ್ಥಿತಿಗೆ ಅದು ಹೊಂದುವ ಶಾಲೆಯಾಗಿರಲಿಲ್ಲ, ಅಷ್ಟೆ.

ಈಗ ‘ಇಂಟರ್‌ನ್ಯಾಷನಲ್’ ಎಂಬ ಪದಕ್ಕೆ ಬರೋಣ. ಈ ಪದವನ್ನು ಯಾವ ಶಾಲೆಯೂ ತನ್ನ ಫಲಕದ ಮೇಲೆ ಬರೆದುಕೊಳ್ಳಬಹುದು. ನಮ್ಮ ಊರಿನ ಹೆದ್ದಾರಿ ಬದಿಯಲ್ಲಿಯೇ ಅಂಥ ಫಲಕಗಳು ಎಷ್ಟಿಲ್ಲ? ಹೆಸರನ್ನು ಬದಿಗಿಟ್ಟು, ಶಾಲೆ ಯಾವ ಮಂಡಳಿಯ ಪರೀಕ್ಷೆಗೆ ಮಕ್ಕಳನ್ನು ಕೂರಿಸುತ್ತದೆ, ಆ ಮಂಡಳಿಯ ಮಾನ್ಯತೆ ಆ ಶಾಲೆಗೆ ಯಾವ ತರಗತಿಯವರೆಗೆ ಇದೆ ಎಂಬುದನ್ನು ಕೇಳಬೇಕು. ಎಂಟನೆಯವರೆಗೆ ಮಾತ್ರ ನಡೆಯುತ್ತಿರುವ ಹೊಸ ಶಾಲೆಯೊಂದು ‘ಮುಂದಿನ ವರ್ಷ ಒಂಬತ್ತಕ್ಕೆ ಅನುಮತಿ ಬರುತ್ತದೆ’ ಎಂದರೆ, ಬಂದ ಮೇಲೆ ನೋಡೋಣ ಎನ್ನುವುದೇ ಸರಿ.

ಗಲ್ಫ್‌ನಲ್ಲಿ ನಮ್ಮವರಿಗೆ ಮುಖ್ಯವಾಗಿ ಮೂರು ದಾರಿಗಳು ಸಿಗುತ್ತವೆ. ಸಿಬಿಎಸ್‌ಇ ಶಾಲೆಗಳಿಗೆ ಅಲ್ಲಿ ದೀರ್ಘ ಇತಿಹಾಸವಿದೆ: ಬಹರೈನಿನ ಇಂಡಿಯನ್ ಸ್ಕೂಲ್ 1950ರದ್ದು, ದುಬೈಯ ಇಂಡಿಯನ್ ಹೈಸ್ಕೂಲ್ 1961ರದ್ದು. ಎರಡನೆಯದು ಬ್ರಿಟಿಷ್ ದಾರಿ. ಹದಿನಾರರ ವಯಸ್ಸಿಗೆ ಜಿಸಿಎಸ್‌ಇ ಅಥವಾ 1988ರಲ್ಲಿ ಆರಂಭವಾದ ಕೇಂಬ್ರಿಡ್ಜಿನ ಐಜಿಸಿಎಸ್‌ಇ, ಹದಿನೆಂಟಕ್ಕೆ ಎ ಲೆವೆಲ್. ಮೂರನೆಯದು 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಅಂದರೆ ಐಬಿ. ಅಮೆರಿಕನ್ ಮತ್ತು ಫ್ರೆಂಚ್ ಶಾಲೆಗಳೂ ಇವೆ, ಆದರೆ ಊರಿಗೆ ಮರಳುವ ಸಾಧ್ಯತೆ ಇರುವವರಿಗೆ ಅವುಗಳಿಂದ ಉಪಯೋಗ ಕಡಿಮೆ.

ಮೂರರಲ್ಲಿ ಯಾವುದು ಶ್ರೇಷ್ಠ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಐದನೆಯ ತರಗತಿಯವರೆಗೆ ಮೂರರ ನಡುವೆ ಮಗು ಸುಲಭವಾಗಿ ದಾಟಬಲ್ಲದು. ಐಬಿಯ ಪ್ರಾಥಮಿಕ ತರಗತಿಯಲ್ಲಿ ಪ್ರಶ್ನೆ ಕೇಳಿ, ಹುಡುಕಿ ಕಲಿತ ಮಗು ಊರಿನ ಶಾಲೆಗೆ ಬಂದರೆ ಮಗ್ಗಿ ಮತ್ತು ಕೈಬರಹದಲ್ಲಿ ಒಂದು ವರ್ಷ ಹಿಂದೆ ಇರಬಹುದು, ಆಮೇಲೆ ಸರಿಹೋಗುತ್ತದೆ. ಆರರಿಂದ ಎಂಟರವರೆಗೆ ದಾಟುವುದು ಕಷ್ಟವಾದರೂ ಅಸಾಧ್ಯವಲ್ಲ. ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷಗಳು ಮಾತ್ರ ಎರಡೆರಡು ವರ್ಷದ ಎರಡು ಗಟ್ಟಿ ಕಟ್ಟುಗಳು. ಸಿಬಿಎಸ್‌ಇ, ಐಜಿಸಿಎಸ್‌ಇ, ಎ ಲೆವೆಲ್, ಐಬಿ ಡಿಪ್ಲೊಮಾ, ನಮ್ಮ ಪಿಯುಸಿ, ಎಲ್ಲದರಲ್ಲಿಯೂ ಹೀಗೆಯೇ. ಕಟ್ಟಿನ ನಡುವೆ ಮಗುವನ್ನು ಎಬ್ಬಿಸಿದರೆ ಒಂದು ವರ್ಷ ಹೋಗುವ ಅಪಾಯ ಇದ್ದೇ ಇದೆ. ತಮ್ಮ ಮಗು ಈಗ ಏಳರಲ್ಲಿ ಅಥವಾ ಎಂಟರಲ್ಲಿ ಇದ್ದು, ತಮ್ಮ ಗುತ್ತಿಗೆ ಎರಡು ವರ್ಷದ್ದಾಗಿದ್ದರೆ, ಲೆಕ್ಕ ಹಾಕಿ ನೋಡಿ.

ಹತ್ತು ಮುಗಿಸಿ ಪಿಯುಸಿಗೆ ಊರಿಗೆ ಬರುವುದು ನಮ್ಮಲ್ಲಿ ಬಹಳ ಹಳೆಯ ರೂಢಿ. ತಾಯಿ ಮತ್ತು ಮಕ್ಕಳು ಮಂಗಳೂರಿನಲ್ಲೊಂದು ಬಾಡಿಗೆ ಮನೆ ಹಿಡಿದು, ತಂದೆ ಅಲ್ಲಿಯೇ ಉಳಿದು ದುಡಿಯುವ ಕುಟುಂಬಗಳು ಈ ಸಭೆಯಲ್ಲಿಯೇ ಇವೆ. ಈ ಯೋಚನೆ ಇರುವವರು ಗಮನಿಸಬೇಕಾದ ಒಂದು ಸಂಗತಿ ಇದೆ, ಅದನ್ನು ಯಾವ ಶಾಲೆಯ ಕರಪತ್ರವೂ ಹೇಳುವುದಿಲ್ಲ. ಸಿಬಿಎಸ್‌ಇ ಹತ್ತರ ಫಲಿತಾಂಶ ಸಾಮಾನ್ಯವಾಗಿ ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿ ಬರುತ್ತದೆ, ಪಿಯು ಪ್ರವೇಶಕ್ಕೆ ಸರಿಹೊಂದುತ್ತದೆ. ಐಜಿಸಿಎಸ್‌ಇಯ ಮೇ-ಜೂನ್ ಪರೀಕ್ಷೆಯ ಫಲಿತಾಂಶ ಬರುವುದು ಆಗಸ್ಟಿನಲ್ಲಿ. ಅಷ್ಟರಲ್ಲಿ ಇಲ್ಲಿ ಕಾಲೇಜು ಆರಂಭವಾಗಿ ಎರಡು ತಿಂಗಳಾಗಿರುತ್ತದೆ. ಭಾರತದೊಳಗಿನ ಕೇಂಬ್ರಿಡ್ಜ್ ಶಾಲೆಗಳಿಗೆ ಈ ತೊಂದರೆಯನ್ನು ತಪ್ಪಿಸಲೆಂದೇ ಮಾರ್ಚ್ ತಿಂಗಳಿನ ಪರೀಕ್ಷೆಯೊಂದಿದೆ, ಆದರೆ ಅದು ಗಲ್ಫ್‌ನಲ್ಲಿ ಕೂರುವವರಿಗೆ ಸಿಗುವುದಿಲ್ಲ. ಆದ್ದರಿಂದ ಅಲ್ಲಿಂದ ಬರುವ ಮಗುವಿಗೆ ತಾತ್ಕಾಲಿಕ ಪ್ರವೇಶ ಕೊಡುವಿರಾ, ಐಜಿಸಿಎಸ್‌ಇಯನ್ನು ಹತ್ತನೆಯ ತರಗತಿಗೆ ಸಮವೆಂದು ಒಪ್ಪಲು ಐದು ವಿಷಯಗಳಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ದರ್ಜೆ ಬೇಕೆಂಬ ತತ್ಸಮಾನತೆಯ ನಿಯಮವನ್ನು ಹೇಗೆ ಪರಿಶೀಲಿಸುವಿರಿ ಎಂದು ತಾವು ಸೇರಿಸಬಯಸುವ ಕಾಲೇಜನ್ನು ಒಂದು ವರ್ಷ ಮುಂಚೆಯೇ ಕೇಳಿಟ್ಟುಕೊಳ್ಳಬೇಕು.

ಇದಕ್ಕಿಂತಲೂ ಹೆಚ್ಚು ಮಂದಿಯನ್ನು ದಂಗುಬಡಿಸಿದ ಇನ್ನೊಂದು ನಿಯಮವಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಬೇಕಾದರೆ ಅಂಕವೊಂದೇ ಸಾಲದು, ಅರ್ಹತೆಯೂ ಬೇಕು. ಸಾಮಾನ್ಯವಾಗಿ ಬಳಕೆಯಾಗುವ ಅರ್ಹತೆ ಹೀಗಿದೆ: ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಮತ್ತು ಹತ್ತನೆಯದನ್ನಾಗಲಿ ಹನ್ನೆರಡನೆಯದನ್ನಾಗಲಿ ಇಲ್ಲಿಯೇ ತೇರ್ಗಡೆಯಾಗಿರಬೇಕು. ಐದನೆಯ ತರಗತಿ ಮುಗಿಸಿ ಹೋದ ಮಗು ಪಿಯುಸಿಗೆ ಮರಳಿದರೆ ಐದು ಮತ್ತು ಎರಡು ಸೇರಿ ಏಳಾಗುತ್ತದೆ. ನಾಲ್ಕನೆಯದು ಮುಗಿಸಿ ಹೋದ ಮಗು ಪಿಯುಸಿಗೆ ಬಂದರೆ ಆರೇ ಆಗುತ್ತದೆ; ಹತ್ತನೆಯ ತರಗತಿಗೇ ಬಂದಿದ್ದರೆ ಏಳಾಗುತ್ತಿತ್ತು. ಆರು ವರ್ಷದವರಿಗೆ ಬಾಗಿಲು ಪೂರ್ತಿ ಮುಚ್ಚಿದೆ ಎಂದಲ್ಲ, ತಂದೆ ಅಥವಾ ತಾಯಿ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದು ಮಗು ಪಿಯುಸಿಯ ಎರಡೂ ವರ್ಷ ಇಲ್ಲಿ ಓದಿ ತೇರ್ಗಡೆಯಾದರೆ ಸಲ್ಲುವ ಬೇರೆ ಉಪನಿಯಮವಿದೆ. ಆದರೆ ಅದಕ್ಕೆ ತಮ್ಮ ಹಳೆಯ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತರಬೇಕು, ಬಿಇಒ ಕಚೇರಿಯಲ್ಲಿ ಮೇಲುರುಜು ಮಾಡಿಸಬೇಕು. ಮೂವತ್ತು ವರ್ಷದ ಹಿಂದೆ ಓದಿದ ಹಳ್ಳಿಯ ಶಾಲೆಯ ದಾಖಲೆಯನ್ನು ಸೀಟು ಹಂಚಿಕೆಯ ವಾರದಲ್ಲಿ ಹುಡುಕುವ ಬದಲು ಈಗಲೇ ಮಾಡಿಸಿ ಇಡುವುದು ಮೇಲು. ನಿಯಮಗಳು ಪರಿಷ್ಕರಣೆಯಾಗುತ್ತಿರುತ್ತವೆ, ಆಯಾ ವರ್ಷದ ಮಾಹಿತಿ ಪುಸ್ತಿಕೆಯೇ ಅಂತಿಮ.

ಹನ್ನೆರಡನ್ನೂ ಅಲ್ಲಿಯೇ ಮುಗಿಸುವವರಿಗೆ ಇನ್ನೊಂದು ಕದ ತೆರೆಯುತ್ತದೆ. ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಸಂಸ್ಥೆಗಳಾದ ಎನ್‌ಐಟಿಗಳಲ್ಲಿ, ನಮ್ಮ ಸುರತ್ಕಲ್ಲಿನ ಎನ್‌ಐಟಿಕೆಯೂ ಸೇರಿದಂತೆ, ವಿದೇಶದಲ್ಲಿ ಓದಿದವರಿಗಾಗಿ ಡಾಸಾ ಎಂಬ ಪ್ರವೇಶ ವ್ಯವಸ್ಥೆಯಿದೆ. ಅದರೊಳಗೆ ಗಲ್ಫ್ ದೇಶಗಳಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ, ಕಡಿಮೆ ಶುಲ್ಕದ ಪ್ರತ್ಯೇಕ ವಿಭಾಗವೂ ಇದೆ. ಜೆಇಇ ಮೇನ್ ಬರೆಯಬೇಕು, ಅರ್ಹತಾ ಪರೀಕ್ಷೆಯನ್ನು ಹೊರದೇಶದಲ್ಲಿ ಓದಿ ಮುಗಿಸಿರಬೇಕು. ಹೀಗಾಗಿ ಹತ್ತರ ಬಳಿಕ ಊರಿಗೆ ಬಂದವರಿಗೆ ಸಿಇಟಿಯ ದಾರಿ ತೆರೆದು ಈ ದಾರಿ ಮುಚ್ಚುತ್ತದೆ. ಅಲ್ಲಿಯೇ ಉಳಿದವರಿಗೆ ಇದು ತೆರೆದು ಆ ದಾರಿ ಮುಚ್ಚುತ್ತದೆ. ಎರಡನ್ನೂ ಕೈಯಲ್ಲಿ ಹಿಡಿದುಕೊಳ್ಳಲು ಆಗುವುದಿಲ್ಲ. ಎಂಟನೆಯ ತರಗತಿಯ ಹೊತ್ತಿಗೆ ಮನೆಯಲ್ಲಿ ಕುಳಿತು ತೀರ್ಮಾನಿಸಬೇಕಾದ ವಿಷಯವಿದು.

ಐಬಿಯ ಬಗ್ಗೆ ವಿಚಾರಿಸಿದವರು ಈ ಸಲ ಹೆಚ್ಚು ಮಂದಿ ಇರುವುದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಿಪ್ಲೊಮಾದಲ್ಲಿ ಆರು ವಿಷಯಗಳು, ಒಂದೊಂದಕ್ಕೆ ಗರಿಷ್ಠ 7 ಅಂಕ. 4,000 ಪದಗಳ ಮಿತಿಯ ದೀರ್ಘ ಪ್ರಬಂಧ ಮತ್ತು ಜ್ಞಾನಮೀಮಾಂಸೆಯ ಪತ್ರಿಕೆಗೆ ಸೇರಿ 3, ಒಟ್ಟು 45. ಡಿಪ್ಲೊಮಾ ಸಿಗಲು ಕನಿಷ್ಠ 24 ಬೇಕು. ನಾನು ಕಂಡ ಮಟ್ಟಿಗೆ ಬರೆಯಲು ಮತ್ತು ಯೋಚಿಸಲು ಇದಕ್ಕಿಂತ ಚೆನ್ನಾಗಿ ಕಲಿಸುವ ವ್ಯವಸ್ಥೆ ಇನ್ನೊಂದಿಲ್ಲ. ಪದವಿಗೆ ಯುರೋಪಿಗೋ ಕೆನಡಾಕ್ಕೋ ಹೋಗುವವರಿಗೆ ಇದು ಒಳ್ಳೆಯ ಬುನಾದಿ. ಭಾರತೀಯ ವಿಶ್ವವಿದ್ಯಾಲಯಗಳ ಸಂಘವೂ ಇದನ್ನು ಹನ್ನೆರಡನೆಯ ತರಗತಿಗೆ ಸಮಾನವೆಂದು 1983ರಿಂದ ಒಪ್ಪಿದೆ. ಆದರೆ ಮಗಳಿಗೆ ಮಣಿಪಾಲದಲ್ಲೋ ಮಂಗಳೂರಿನಲ್ಲೋ ವೈದ್ಯಕೀಯ ಓದಿಸಬೇಕೆಂಬ ಆಸೆ ಇರುವವರು ಒಂದು ಮಾತು ಕೇಳಬೇಕು. ನೀಟ್‌ಗೆ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಬೇಕು. ಐಬಿಯ ಸಾಮಾನ್ಯ ಚೌಕಟ್ಟಿನಲ್ಲಿ ಎರಡು ಭಾಷೆ, ಒಂದು ಸಮಾಜಶಾಸ್ತ್ರೀಯ ವಿಷಯ, ಗಣಿತ ಇವಿಷ್ಟು ಕಡ್ಡಾಯವಾಗಿರುವುದರಿಂದ ವಿಜ್ಞಾನಕ್ಕೆ ಉಳಿಯುವುದು ಎರಡೇ ಸ್ಥಾನ. ಮೂರು ವಿಜ್ಞಾನ ಬೇಕಾದರೆ, ವಿಶ್ವವಿದ್ಯಾಲಯದ ಪ್ರವೇಶ ನಿಯಮದ ಕಾರಣ ಕೊಟ್ಟು ಶಾಲೆಯ ಮೂಲಕ ಐಬಿಯಿಂದ ವಿಶೇಷ ಅನುಮತಿ ಪಡೆಯಬೇಕು, ಅದನ್ನೂ ಹನ್ನೊಂದನೆಯ ತರಗತಿಯ ಆರಂಭದಲ್ಲಿಯೇ. ‘ಇದನ್ನು ನಿಮ್ಮ ಶಾಲೆ ಹಿಂದೆ ಮಾಡಿಸಿದೆಯೇ?’ ಎಂದು ಕೇಳಿ. ಮಾಡಿಸಿದ ಶಾಲೆಯವರಿಗೆ ಪ್ರಶ್ನೆ ಕೂಡಲೇ ಅರ್ಥವಾಗುತ್ತದೆ. ನೀಟ್ ಮತ್ತು ಐಬಿ ಪರೀಕ್ಷೆಗಳು ಒಂದೇ ಮೇ ತಿಂಗಳಿನ ಸುತ್ತ ಬೀಳುತ್ತವೆ ಎಂಬುದೂ ನೆನಪಿರಲಿ.

ಪಠ್ಯಕ್ರಮವೇ ಇಲ್ಲವಾಗುವುದೂ ಉಂಟು. ಸಿಬಿಎಸ್‌ಇ ಮಂಡಳಿ 2010ರಲ್ಲಿ ವಿದೇಶದ ಶಾಲೆಗಳಿಗಾಗಿ ಸಿಬಿಎಸ್‌ಇ-ಐ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮವನ್ನು ತಂದಿತು. ಒಳ್ಳೆಯ ಉದ್ದೇಶದ್ದೇ ಆಗಿತ್ತು. 2017ರಲ್ಲಿ ಅದನ್ನು ಕೈಬಿಡಲಾಯಿತು, ಅದರಲ್ಲಿದ್ದ ಮಕ್ಕಳು ಮತ್ತೆ ಹಳೆಯ ಪಠ್ಯಕ್ರಮಕ್ಕೆ ಹೊರಳಬೇಕಾಯಿತು. ಹೊಸದೆಂಬ ಕಾರಣಕ್ಕೆ ಏನನ್ನೂ ತಿರಸ್ಕರಿಸಬೇಕಿಲ್ಲ, ಆದರೆ ಮೊದಲ ತಂಡದಲ್ಲಿ ಸ್ವಂತ ಮಗುವನ್ನು ಸೇರಿಸುವ ಮೊದಲು ಇದನ್ನು ಒಮ್ಮೆ ನೆನೆಯಿರಿ.

ತರಗತಿಯ ಎಣಿಕೆಯಲ್ಲಿ ಆಗುವ ಗೊಂದಲವನ್ನೂ ಹೇಳಿಬಿಡುತ್ತೇನೆ. ಬ್ರಿಟಿಷ್ ಶಾಲೆಯ ‘ಇಯರ್ 2’ ಎಂದರೆ ನಮ್ಮ ಒಂದನೆಯ ತರಗತಿ. ‘ಇಯರ್ 7’ ಎಂದರೆ ಆರನೆಯದು. ಇದನ್ನು ತಿಳಿಯದ ಹೆತ್ತವರು ಮಗುವಿಗೆ ಒಂದು ವರ್ಷ ಬಡ್ತಿ ಸಿಕ್ಕಿತೆಂದು ಸಂತೋಷಪಟ್ಟು, ಮರಳಿ ಬಂದಾಗ ಇಲ್ಲಿಯ ಶಾಲೆಯೊಡನೆ ವಾದಿಸಿದ್ದನ್ನು ನೋಡಿದ್ದೇನೆ. ದುಬೈಯಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ, ಬ್ರಿಟಿಷ್ ಮತ್ತು ಐಬಿ ಶಾಲೆಗಳು ಹೆಚ್ಚಾಗಿ ಆಗಸ್ಟ್ ಕೊನೆಗೆ ಆರಂಭವಾಗುತ್ತವೆ. ಸಿಂಗಾಪುರ ಮತ್ತು ಆಸ್ಟ್ರೇಲಿಯಾದಲ್ಲಿ ಜನವರಿಯಲ್ಲಿ. ಉಡುಪಿಯಲ್ಲಿ ಮಾರ್ಚ್ ಕೊನೆಗೆ ಐದು ಮುಗಿಸಿದ ಮಗು ಆಗಸ್ಟ್‌ನಲ್ಲಿ ಸೇರುವುದಾದರೆ ನಡುವೆ ಐದು ತಿಂಗಳ ಬಿಡುವು ಬೀಳುತ್ತದೆ, ಅದನ್ನು ಹೇಗೆ ತುಂಬಿಸುವುದೆಂದು ಮೊದಲೇ ಯೋಚಿಸಬೇಕು.

ಶಾಲೆಯ ಗುಣಮಟ್ಟವನ್ನು ಅಳೆಯುವುದು ಹೇಗೆ? ಊರಿನವರ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳುವುದು ತಪ್ಪಲ್ಲ, ಬಸ್ಸು, ಮನೆ ಬಾಡಿಗೆ, ಅಲ್ಲಿಯ ಊಟ ಇವುಗಳ ಬಗ್ಗೆ ಅವರಷ್ಟು ನಿಖರವಾಗಿ ಹೇಳುವವರು ಬೇರಿಲ್ಲ. ಪಾಠದ ವಿಷಯಕ್ಕೆ ಮಾತ್ರ ತಪಾಸಣಾ ವರದಿಯನ್ನು ಓದಿ. ದುಬೈಯಲ್ಲಿ ಕೆಎಚ್‌ಡಿಎ ಎಂಬ ಸರ್ಕಾರಿ ಪ್ರಾಧಿಕಾರ 2008ರಿಂದ ಖಾಸಗಿ ಶಾಲೆಗಳನ್ನು ತಪಾಸಣೆ ಮಾಡಿ, ಅತ್ಯುತ್ಕೃಷ್ಟದಿಂದ ತೀರಾ ದುರ್ಬಲದವರೆಗೆ ಆರು ದರ್ಜೆ ಕೊಟ್ಟು ವರದಿಯನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿದೆ. ಅಬುಧಾಬಿಯಲ್ಲಿ ಅಡೆಕ್ ಈ ಕೆಲಸ ಮಾಡುತ್ತದೆ. ಇಂಗ್ಲೆಂಡಿನಲ್ಲಿ ಆಫ್‌ಸ್ಟೆಡ್ ಇದೆ. ಅದು ಸರ್ಕಾರಿ ಶಾಲೆಗಳಿಗೆ ಒಂದೇ ಪದದಲ್ಲಿ ದರ್ಜೆ ಕೊಡುವ ಪದ್ಧತಿಯನ್ನು 2024ರ ಸೆಪ್ಟೆಂಬರಿನಲ್ಲಿ ಬಿಟ್ಟಿತು, ಏಕೆಂದರೆ ಒಂದು ಪದ ಒಂದು ಶಾಲೆಯ ಬಗ್ಗೆ ಹೇಳಬಹುದಾದ್ದು ಬಹಳ ಕಡಿಮೆ. ದುಬೈಯ ವರದಿಯನ್ನೂ ಹಾಗೆಯೇ ಓದಬೇಕು. ಮುಖಪುಟದ ದರ್ಜೆಯನ್ನು ದಾಟಿ, ತಮ್ಮ ಮಗು ಸೇರುವ ಹಂತದಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನದ ಪ್ರಗತಿ ಹೇಗಿದೆ, ಒಂದು ವರ್ಷದಲ್ಲಿ ಎಷ್ಟು ಶಿಕ್ಷಕರು ಬಿಟ್ಟುಹೋಗಿದ್ದಾರೆ, ವರದಿ ಯಾವ ವರ್ಷದ್ದು ಎಂಬುದನ್ನು ನೋಡಿ. ಶಿಕ್ಷಕನಾಗಿ ಹೇಳುತ್ತೇನೆ, ಶಿಕ್ಷಕರು ನಿಲ್ಲದ ಶಾಲೆಯಲ್ಲಿ ಈಜುಕೊಳ ಎಷ್ಟು ದೊಡ್ಡದಿದ್ದರೂ ಮಗುವಿಗೆ ಕಲಿಕೆ ದಕ್ಕುವುದಿಲ್ಲ.

ಇನ್ನೊಂದು ಪರೀಕ್ಷೆ ನನ್ನದೇ ಅನುಭವದ್ದು. ಹತ್ತನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಅದೇ ತಂಡ ಹನ್ನೆರಡಕ್ಕೆ ಬಂದಾಗ ಎಷ್ಟು ಉಳಿದರು ಎಂದು ಕೇಳಿ. ಶೇಕಡಾ ನೂರರ ಫಲಿತಾಂಶವನ್ನು ಜಾಹೀರಾತಿನಲ್ಲಿ ಹಾಕುವ ಕೆಲವು ಶಾಲೆಗಳು, ಹಿಂದೆ ಬೀಳುವ ಮಕ್ಕಳ ಹೆತ್ತವರನ್ನು ಕರೆದು ‘ಬೇರೆ ಕಡೆ ನೋಡಿಕೊಳ್ಳಿ’ ಎಂದು ಮೆಲ್ಲನೆ ಹೇಳಿರುತ್ತವೆ. ಹಾಗೆ ಹೇಳಲು ಸ್ವತಃ ನನ್ನನ್ನು ಒಮ್ಮೆ ಕೂರಿಸಿದ್ದರು. ಆ ತಾಯಿಯ ಮುಖ ನೋಡಿ ನನಗೆ ಮಾತು ಹೊರಡಲಿಲ್ಲ. ಕಲಿಕೆಯಲ್ಲಿ ನಿಧಾನವಿರುವ, ಡಿಸ್ಲೆಕ್ಸಿಯಾದಂಥ ತೊಂದರೆ ಇರುವ ಮಗುವಿನ ಹೆತ್ತವರು ಅದನ್ನು ಮುಚ್ಚಿಟ್ಟು ಪ್ರವೇಶ ಪಡೆಯಬಾರದು ಎಂದು ಕೈಮುಗಿದು ಕೇಳುತ್ತೇನೆ. ವೈದ್ಯರ ವರದಿಯನ್ನು ಮೊದಲೇ ಮೇಜಿನ ಮೇಲಿಟ್ಟು, ‘ಇವನಿಗೆ ಏನು ಸಹಾಯ ಕೊಡುವಿರಿ, ಅದಕ್ಕೆ ಬೇರೆ ಹಣವೆಷ್ಟು?’ ಎಂದು ಕೇಳಿ. ನಿರಾಕರಿಸುವ ಶಾಲೆ ಮೊದಲ ದಿನವೇ ನಿರಾಕರಿಸಲಿ.

ಫೀಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪನಿ ಕೊಡುವ ಶಿಕ್ಷಣ ಭತ್ಯೆ ಎಷ್ಟು ಮಕ್ಕಳಿಗೆ, ಯಾವ ತರಗತಿಯವರೆಗೆ ಎಂಬುದು ನೇಮಕಾತಿ ಪತ್ರದಲ್ಲಿ ಬರೆದಿರಲಿ. ಬಸ್ಸು, ಪುಸ್ತಕ, ಸಮವಸ್ತ್ರ, ಪರೀಕ್ಷಾ ಶುಲ್ಕ ಸೇರಿಸಿ ಲೆಕ್ಕ ಹಾಕಿ; ತರಗತಿ ಏರಿದಂತೆ ಫೀಸೂ ಏರುತ್ತದೆ. ಬಾಡಿಗೆ ಕಡಿಮೆ ಎಂದು ಶಾರ್ಜಾದಲ್ಲಿ ಮನೆ ಮಾಡಿ ದುಬೈಯ ಶಾಲೆಗೆ ಸೇರಿಸಿದರೆ, ಆ ರಸ್ತೆಯ ವಾಹನ ದಟ್ಟಣೆಯಲ್ಲಿ ಉಳಿಸಿದ ಬಾಡಿಗೆಯನ್ನು ಮಗು ತನ್ನ ನಿದ್ದೆಯಿಂದ ತೀರಿಸುತ್ತದೆ.

ಯುರೋಪ್, ಅಮೆರಿಕಕ್ಕೆ ಹೋಗುವವರಿಗೆ ಪ್ರಶ್ನೆಯ ಸ್ವರೂಪವೇ ಬೇರೆ. ಅಲ್ಲಿ ಸರ್ಕಾರಿ ಶಾಲೆ ಉಚಿತ, ಮತ್ತು ಬಹುಪಾಲು ಒಳ್ಳೆಯದೇ. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಮನೆಯ ವಿಳಾಸವೇ ಹೆಚ್ಚಾಗಿ ಶಾಲೆಯನ್ನು ನಿರ್ಧರಿಸುವುದರಿಂದ ಮೊದಲು ಶಾಲೆ ನೋಡಿ, ಆಮೇಲೆ ಮನೆ ಹಿಡಿಯಬೇಕು. ಸಿಂಗಾಪುರದ ಸರ್ಕಾರಿ ಶಾಲೆಗಳಿಗೆ ಹೊರಗಿನ ಮಕ್ಕಳು ಪ್ರವೇಶ ಪರೀಕ್ಷೆ ಬರೆಯಬೇಕು, ಬರೆದರೂ ಸ್ಥಳವಿದ್ದರೆ ಮಾತ್ರ ಸೀಟು. ಜರ್ಮನಿಯಲ್ಲಿ ಶಾಲೆಗೆ ಕಳುಹಿಸುವುದು ಕಾನೂನಿನ ಕಡ್ಡಾಯ, ಮನೆಯಲ್ಲಿ ಕಲಿಸುತ್ತೇನೆ ಎನ್ನುವಂತಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೆಯ ತರಗತಿಯ ಬಳಿಕ, ಬರ್ಲಿನ್ ಮತ್ತು ಬ್ರಾಂಡೆನ್‌ಬರ್ಗ್‌ನಲ್ಲಿ ಆರನೆಯದರ ಬಳಿಕ, ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಲಾಗುತ್ತದೆ. ವಿಶ್ವವಿದ್ಯಾಲಯದ ನೇರ ದಾರಿ ಗಿಮ್ನಾಸಿಯಮ್ ಎಂಬ ಶಾಲೆಯದು. ಏಳು ವರ್ಷದ ಮಗುವನ್ನು ಅಲ್ಲಿಯ ಸಾಮಾನ್ಯ ಶಾಲೆಗೆ ಧೈರ್ಯದಿಂದ ಸೇರಿಸಬಹುದು. ಹದಿನಾಲ್ಕರ ಮಗುವನ್ನು, ಅದೂ ಎರಡೇ ವರ್ಷಕ್ಕೆ ಹೋಗುವಾಗ, ಜರ್ಮನ್ ಮಾಧ್ಯಮಕ್ಕೆ ಹಾಕುವುದು ನನಗೆ ಸರಿಕಾಣುವುದಿಲ್ಲ; ಅಲ್ಲಿ ಇಂಗ್ಲಿಷ್ ಮಾಧ್ಯಮದ ಅಂತರರಾಷ್ಟ್ರೀಯ ಶಾಲೆಯ ಖರ್ಚಿಗೆ ಕಾರಣವಿದೆ.

ಇದನ್ನು ಹೇಳಲು ಆಧಾರವಿದೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ತೋರಿಸಿಕೊಟ್ಟಂತೆ, ಹೊಸ ಭಾಷೆಯಲ್ಲಿ ಆಟದ ಬಯಲಿನ ಮಾತು ಒಂದೆರಡು ವರ್ಷಕ್ಕೆ ಬಂದರೂ, ಪಾಠಪುಸ್ತಕದ ಭಾಷೆಯಲ್ಲಿ ಜೊತೆಯವರ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ‘ಆರೇ ತಿಂಗಳಿಗೆ ಪಟಪಟ ಮಾತಾಡುತ್ತಾನೆ’ ಎಂದು ಹೆತ್ತವರು ಹಿಗ್ಗುವಾಗ ಮಗು ಇತಿಹಾಸದ ಪ್ರಶ್ನೆಯ ಮುಂದೆ ಮೌನವಾಗಿ ಕುಳಿತಿರುತ್ತದೆ. ಮೊದಲ ತಿಂಗಳುಗಳಲ್ಲಿ ಪೂರ್ತಿ ಮಾತು ನಿಲ್ಲಿಸುವ ಮಕ್ಕಳೂ ಇದ್ದಾರೆ. ಕುಂದಾಪುರದಿಂದ ಬಂದ ಒಂಬತ್ತು ವರ್ಷದ ಹುಡುಗಿಯೊಬ್ಬಳು ನಮ್ಮ ಶಾಲೆಯಲ್ಲಿ ನಾಲ್ಕು ತಿಂಗಳು ಒಂದು ಪದವನ್ನೂ ಆಡಲಿಲ್ಲ. ನಾನು ಒಂದು ದಿನ ಕಾರಿಡಾರಿನಲ್ಲಿ ಕುಂದಾಪುರದ ಕನ್ನಡದಲ್ಲಿಯೇ ‘ಉಂಡ್ಯಾ?’ ಎಂದು ಕೇಳಿದೆ. ಅವಳು ಅತ್ತಳು, ಆಮೇಲೆ ಅರ್ಧ ಗಂಟೆ ಮಾತಾಡಿದಳು. ಅಲ್ಲಿಯವರೆಗೆ ಅವಳ ಮನೆಯವರು ಇಂಗ್ಲಿಷ್ ಬೇಗ ಬರಲೆಂದು ಮನೆಯಲ್ಲಿಯೂ ಇಂಗ್ಲಿಷೇ ಆಡಲು ತೊಡಗಿದ್ದರು. ಮಗುವಿಗೆ ತನ್ನ ಮಾತು ಉಳಿದ ಜಾಗವೇ ಇರಲಿಲ್ಲ. ಮನೆಯ ಭಾಷೆ ಗಟ್ಟಿ ಇದ್ದಷ್ಟೂ ಎರಡನೆಯ ಭಾಷೆ ಚೆನ್ನಾಗಿ ಕೂರುತ್ತದೆ ಎಂಬುದೂ ಕಮಿನ್ಸ್ ಅವರ ವಾದವೇ. ಅದು ತುಳುವಾಗಿರಲಿ, ಕೊಂಕಣಿಯಾಗಿರಲಿ, ಬ್ಯಾರಿಯಾಗಿರಲಿ, ಮನೆಯ ಮಾತನ್ನು ವಿಮಾನ ನಿಲ್ದಾಣದಲ್ಲಿ ಬಿಟ್ಟುಹೋಗಬೇಡಿ.

ಕನ್ನಡದ ಅಕ್ಷರಕ್ಕೆ ಇನ್ನೊಂದು ಪ್ರಾಯೋಗಿಕ ಕಾರಣವೂ ಇದೆ. ಕನ್ನಡ ಭಾಷಾ ಕಲಿಕಾ ಅಧಿನಿಯಮ 2015ರ ಪ್ರಕಾರ ನಮ್ಮ ರಾಜ್ಯದ ಶಾಲೆಗಳಲ್ಲಿ, ಸಿಬಿಎಸ್‌ಇ ಮತ್ತು ಐಸಿಎಸ್‌ಇ ಸೇರಿ, ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಅಲ್ಲಿ ಹಿಂದಿ, ಅರಬ್ಬಿ ಓದಿದ ಮಗು ಆರನೆಯ ತರಗತಿಗೆ ಮರಳಿದಾಗ ಎಲ್ಲರೂ ಪಾಠ ಓದುತ್ತಿರುತ್ತಾರೆ, ಇವನು ಕಾಗುಣಿತ ತಿದ್ದುತ್ತಿರುತ್ತಾನೆ. ದುಬೈಯಲ್ಲಿ ಕನ್ನಡಿಗರೇ ವಾರದ ರಜೆಯಲ್ಲಿ ಉಚಿತ ಕನ್ನಡ ತರಗತಿ ನಡೆಸುತ್ತಾರೆ, ಯಕ್ಷಗಾನವನ್ನೂ ಕಲಿಸುತ್ತಾರೆ. ಐಬಿ ಡಿಪ್ಲೊಮಾದಲ್ಲಿ, ಶಾಲೆಯಲ್ಲಿ ಶಿಕ್ಷಕರಿಲ್ಲದ ಮಾತೃಭಾಷೆಯ ಸಾಹಿತ್ಯವನ್ನು ಶಾಲೆಯ ಬೆಂಬಲದಿಂದ ಸ್ವಂತ ಓದಿ ಪರೀಕ್ಷೆ ಬರೆಯುವ ಏರ್ಪಾಡು ಇದೆ. ಅದರ ಬಗ್ಗೆ ಶಾಲೆಯ ಸಂಯೋಜಕರನ್ನು ಎರಡು ವರ್ಷ ಮುಂಚೆ ವಿಚಾರಿಸಿ.

ಕಾಗದಪತ್ರಗಳ ಮಾತು ಕೊನೆಗೆ. ಟಿ.ಸಿ.ಗೆ ಬಿಇಒ ಅಥವಾ ಡಿಡಿಪಿಐ ಕಚೇರಿಯ ಮೇಲುರುಜು, ಆ ಬಳಿಕ ರಾಜ್ಯದ ಮತ್ತು ವಿದೇಶಾಂಗ ಸಚಿವಾಲಯದ ದೃಢೀಕರಣ ಬೇಕಾಗುತ್ತದೆ. ಒಂದು ದೇಶದ ದೃಢೀಕರಣವನ್ನು ಇನ್ನೊಂದು ದೇಶ ಒಪ್ಪುವ ಅಪೋಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿರುವುದರಿಂದ, ಅದರಲ್ಲಿರುವ ಹೆಚ್ಚಿನ ದೇಶಗಳಿಗೆ ಅಲ್ಲಿಗೇ ಮುಗಿಯಿತು; ಜರ್ಮನಿ ಮಾತ್ರ ಭಾರತದ ಅಪೋಸ್ಟಿಲನ್ನು ಒಪ್ಪಿಲ್ಲ. ಅದರಲ್ಲಿ ಇಲ್ಲದ ದೇಶಗಳಿಗೆ ಆ ದೇಶದ ದೂತಾವಾಸದ ಮುದ್ರೆಯೂ ಬೇಕು. ಟಿ.ಸಿ.ಯಲ್ಲಿ, ಪಾಸ್‌ಪೋರ್ಟಿನಲ್ಲಿ, ಜನನ ಪತ್ರದಲ್ಲಿ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೇ ಇದೆಯೇ ಎಂದು ಇವತ್ತು ರಾತ್ರಿಯೇ ನೋಡಿ. ನಮ್ಮಲ್ಲಿ ಮನೆತನದ ಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ಸಾಮಾನ್ಯ. ಲಸಿಕೆಯ ಕಾರ್ಡನ್ನು, ಹಿಂದಿನ ಎರಡು ವರ್ಷಗಳ ಅಂಕಪಟ್ಟಿಯನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ. ಮುಂದೆ ಅಲ್ಲಿಯ ಶಾಲೆ ಬಿಡುವಾಗಲೂ ಇದನ್ನೆಲ್ಲ ಅಲ್ಲಿಯೇ ಮಾಡಿಸಿಕೊಂಡು ಬನ್ನಿ. ಮಂಗಳೂರಿನಿಂದ ಕುಳಿತು ಮಾಡಿಸುವುದು ಎಷ್ಟು ಕಷ್ಟವೆಂದು ಹಿಂದಿರುಗಿದವರನ್ನು ಕೇಳಿ.

ಉಪನ್ಯಾಸದ ಬಳಿಕ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಎದ್ದು ನಿಂತು ಕೇಳಿದರು: ‘ಮಾಸ್ಟ್ರೇ, ಪುಳ್ಳಿ ಜೂನಿಗೆ ಜರ್ಮನಿಗೆ ಹೋಗುತ್ತಾಳೆ, ಆರು ವರ್ಷ. ಶಾಲೆಯನ್ನು ಅವಳ ಅಪ್ಪ ಅಮ್ಮ ನೋಡಿದ್ದಾರೆ. ನಾನು ಏನು ಮಾಡಬಹುದು?’ ನಾನು ಅವರಿಗೆ ಹೇಳಿದ್ದು ಇಷ್ಟು. ಏಪ್ರಿಲ್, ಮೇ ಎರಡು ತಿಂಗಳು ನಿಮ್ಮ ಕೈಯಲ್ಲಿವೆ, ದಿನಕ್ಕೆ ಅರ್ಧ ಗಂಟೆ ಸ್ಲೇಟು ಹಿಡಿಸಿದರೆ ಅಕ್ಷರಮಾಲೆಯೂ ಕಾಗುಣಿತವೂ ಮುಗಿಯುತ್ತದೆ. ಅವಳು ಹೋದ ಮೇಲೆ ವಾರಕ್ಕೊಂದು ಕಾಗದ ಬರೆಯಿರಿ, ದೊಡ್ಡ ಅಕ್ಷರದಲ್ಲಿ, ನಾಲ್ಕೇ ಸಾಲು. ದನ ಕರು ಹಾಕಿತೆಂದೋ ಹಲಸು ಹಣ್ಣಾಯಿತೆಂದೋ ಬರೆಯಿರಿ. ಫೋನಿನಲ್ಲಿ ಫೋಟೋ ತೆಗೆದು ಕಳುಹಿಸಿದರೂ ಆದೀತು, ಆದರೆ ಅವಳ ಉತ್ತರವೂ ಕೈಬರಹದಲ್ಲಿಯೇ ಬರಬೇಕೆಂದು ಹಟ ಹಿಡಿಯಿರಿ. ಅಜ್ಜಿ ತಲೆಯಾಡಿಸಿ, ಸ್ಲೇಟು ಈಗ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಪಕ್ಕದವರನ್ನು ವಿಚಾರಿಸತೊಡಗಿದರು.